ಪ್ಲಾಸ್ಟರಿನ ಹೆಬ್ಬೆರಳು

ಸೋಮವಾರ, ಮಧ್ಯಾಹ್ನ

ಚೋಟುವಿನ ಅಪ್ಪನಿಗೆ,

ಹೇಗೆ ಕರೆಯಬೇಕೋ ತೋಚದೆ ಆಗಲೇ ಎರಡು ಹಾಳೆ ಹರಿದು ಹಾಕಿದ್ದೇನೆ. ‘ಪ್ರೀತಿಯ’ ಎಂದು ಬರೆದರೆ ನೀವು ನಗುತ್ತೀರಿ, ‘ಮಾನ್ಯರೇ’ ಎಂದು ಬರೆದರೆ ನನಗೇ ನಗು ಬರುತ್ತದೆ. ಅವಳ ಅಪ್ಪ ಎನ್ನುವುದಂತೂ ಯಾರು ಏನೇ ಅಂದರೂ ಸುಳ್ಳಾಗುವುದಿಲ್ಲ. ಅದೇ ಇರಲಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡುತ್ತೇನೆ, ನೀವು ‘ಹೂಂ’ ಅನ್ನುತ್ತೀರಿ. ಮೂರನೇ ‘ಹೂಂ’ ಬರುವ ಹೊತ್ತಿಗೆ ನನ್ನ ಪಿತ್ತ ನೆತ್ತಿಗೇರಿರುತ್ತದೆ. ಕಾಗದದಲ್ಲಾದರೆ ನೀವು ನಡುವೆ ‘ಹೂಂ’ ಅನ್ನಲು ಆಗುವುದಿಲ್ಲ, ನಾನೂ ಹೇಳಬೇಕಾದದ್ದನ್ನು ಪೂರ್ತಿ ಹೇಳಿ ಮುಗಿಸಬಹುದು.

ವಿಷಯ ಚೋಟುವಿನದು. ಚೋಟು ಎಂದು ನೀವು ಹೆಸರಿಟ್ಟಿರಿ, ಈಗ ನನಗಿಂತ ಒಂದು ಗೇಣು ಎತ್ತರ ಇದ್ದಾಳೆ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ನಾನು ಈಗ ಸ್ಟೂಲು ಹುಡುಕುವುದಿಲ್ಲ, ಅವಳನ್ನು ಕೂಗುತ್ತೇನೆ. ಶಾಲೆ ಮುಗಿಯಿತು. ಅಂಕಗಳ ಬಗ್ಗೆ ಕೇಳಬೇಡಿ, ಅವಳಿಗೂ ಬೇಸರ, ನನಗೂ ಬೇಸರ. ಆದರೆ ಕೈ ಚುರುಕು. “ಇನ್ನೂ ಓದು ಓದು ಅಂತ ಕೂರ್ಸ್ಬೇಡಮ್ಮ, ಆಸ್ಪತ್ರೇಲಿ ಏನಾದ್ರೂ ಕೈಕೆಲ್ಸ ಕಲೀತೀನಿ” ಎಂದು ಹಿಡಿದ ಹಟ ಬಿಡಲಿಲ್ಲ. ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್‌ಶಿಪ್ ಎಂದೊಂದು ಇದೆಯಂತೆ, ಕಲಿಯುವಾಗಲೇ ಕೈಗೆ ಒಂದಿಷ್ಟು ಕೊಡುತ್ತಾರಂತೆ. ಅದು ಎಲ್ಲಿದೆ, ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಎಂದು ತಿಳಿದುಕೊಳ್ಳುವುದೇ ಒಂದು ಉದ್ಯೋಗವಾಯಿತು ನಮಗೆ.

ಮೊದಲು ಆಸ್ಪತ್ರೆಯ ವಿಚಾರಣೆ ಕಿಟಕಿಗೆ ಹೋದೆವು. ಅಲ್ಲಿ ಕೂತಿದ್ದವಳು ತಲೆ ಎತ್ತದೆ “ಯಾವ ವಾರ್ಡು, ಯಾವಾಗ ಅಡ್ಮಿಟ್ ಆಗಿದ್ದು” ಎಂದಳು. ಯಾರೂ ಅಡ್ಮಿಟ್ ಆಗಿಲ್ಲ, ಇವಳು ಕೆಲಸ ಕಲಿಯಬೇಕು ಎಂದರೆ, ಕಾಯಿಲೆ ಇಲ್ಲದವರು ಆಸ್ಪತ್ರೆಗೆ ಯಾಕೆ ಬರುತ್ತಾರೆ ಎನ್ನುವಂತೆ ನೋಡಿ ಆಡಳಿತ ಕಚೇರಿಗೆ ಕಳಿಸಿದಳು. ಅವರು ಉದ್ಯೋಗ ಕಚೇರಿಗೆ ಕಳಿಸಿದರು. ಉದ್ಯೋಗ ಕಚೇರಿಯವನು “ಎಲ್ಲಾ ಆನ್‌ಲೈನ್ ಆಗಿದೆ ಮೇಡಂ” ಎಂದು ನಮ್ಮನ್ನು ಮನೆಗೆ ಕಳಿಸಿದ. ಆನ್‌ಲೈನಿನಲ್ಲಿ ನೋಡಿದರೆ ಹೆಚ್ಚಿನ ಮಾಹಿತಿಗಾಗಿ ಆಸ್ಪತ್ರೆಯ ವಿಚಾರಣೆ ಕಿಟಕಿಯನ್ನು ಸಂಪರ್ಕಿಸಿ ಎಂದಿತ್ತು. ಚೋಟು ನಕ್ಕೂ ನಕ್ಕೂ ಕುರ್ಚಿಯಿಂದ ಬೀಳುವುದೊಂದು ಬಾಕಿ. ನನಗೆ ನಗು ಬರಲಿಲ್ಲ.

ಔಷಧದಂಗಡಿಯವರು, ಎಕ್ಸ್‌ರೇಯವರು, ರಕ್ತ ಪರೀಕ್ಷೆಯವರು, ಎಲ್ಲರನ್ನೂ ಕೇಳಿದೆ. ಒಬ್ಬರಿಗೆ ವಿಜ್ಞಾನದ ಅಂಕ ಬೇಕು, ಇನ್ನೊಬ್ಬರದು ಮುಂದಿನ ವರ್ಷ ನೋಡೋಣ. ಕೊನೆಗೆ ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ, ರಕ್ತ ತೆಗೆಯುವ ಹೆಂಗಸೊಬ್ಬಳು ನಮ್ಮ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವಳೂ ಹಾಗೇ ಕಲಿತವಳಂತೆ. ಅಷ್ಟು ದಿನ ತಿರುಗಿ ಸಿಗದ ಮಾಹಿತಿ ಅವಳ ಒಂದು ಬಿಸ್ಕತ್ತು ಮುಗಿಯುವುದರೊಳಗೆ ಸಿಕ್ಕಿತು. ಈ ವರ್ಷ ಅಂಕ ಕೇಳದೆ ಕೈ ನೋಡಿ ತೆಗೆದುಕೊಳ್ಳುವ ಜಾಗ ಎರಡೇ ಎಂದಳು. ಒಂದು, ಪಕ್ಕದ ಊರಿನಲ್ಲಿ ಕೃತಕ ಹಲ್ಲು ತಯಾರಿಸುವ ಲ್ಯಾಬು. ಅಲ್ಲಿ ಹಾಸ್ಟೆಲೂ ಇದೆ. ಇನ್ನೊಂದು ಇದೇ ಆಸ್ಪತ್ರೆಯ ಹಿಂದೆ, ಕೃತಕ ಕಾಲು ಮಾಡುವ ವರ್ಕ್‌ಶಾಪು. “ಅಲ್ಲಿ ಮೇಸ್ತ್ರಿ ಮಾತೇ ಕೊನೇ ಮಾತು. ಒಳ್ಳೇ ಮನುಷ್ಯ. ಮಾತು ಮಾತ್ರ ತಕ್ಕಡೀಲಿ ತೂಗಿ ಕೊಡ್ತಾರೆ” ಎಂದಳು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ನೀವು ಅಂದುಕೊಳ್ಳುತ್ತಿರಬಹುದು. ಕೂಸು ಕಂಕುಳಲ್ಲಿದೆ, ಆ ಮೇಸ್ತ್ರಿ ನೀವೇ ಎಂದು ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಬಾಗಿಲೊಂದನ್ನು ಬಿಟ್ಟು ಬೇರೆ ಎಲ್ಲ ಬಾಗಿಲನ್ನೂ ಬೇಕೆಂದೇ ತಟ್ಟಿದೆ. ನೀವು ಹೋದ ಮೇಲೆ ನಾನು ಕರೆಯಲಿಲ್ಲ, ನೀವು ಬರಲಿಲ್ಲ. ಈಗ ಮಗಳ ನೆಪ ಹಿಡಿದು ನಿಮ್ಮೆದುರು ನಿಲ್ಲುವುದೇ ಎಂದು ಬಿಗುಮಾನ. ಅವಳಿಗೆ ಅಂಥದ್ದೇನೂ ಇಲ್ಲ. “ನಾನೇ ಹೋಗಿ ಕೇಳ್ತೀನಿ” ಎಂದು ಹೋದ ವಾರ ಒಬ್ಬಳೇ ಹೋದಳು.

ಅಲ್ಲಿ ಆದದ್ದು ನಿಮಗೇ ಗೊತ್ತು. ಧೂಳಿಗೆಂದು ಬಾಗಿಲಲ್ಲೇ ಕೊಟ್ಟ ಮಾಸ್ಕ್ ಹಾಕಿಕೊಂಡಿದ್ದಳು. ನೀವು ಬಕೆಟ್ಟಿನಲ್ಲಿ ಪ್ಲಾಸ್ಟರ್ ಕಲಸುತ್ತಿದ್ದಿರಿ. ಹೆಸರು ಕೇಳಲಿಲ್ಲ, ಮುಖ ನೋಡಲಿಲ್ಲ. ಕೆಲಸ ಕೇಳಲು ಬಂದ ಎಲ್ಲರಿಗೂ ಕೊಡುವ ಹಾಗೆ ಒಂದು ಹಿಡಿ ಪ್ಲಾಸ್ಟರ್ ಕೊಟ್ಟು, “ಹೆಬ್ಬೆರಳು ಮಾಡು” ಎಂದಿರಿ. ಮಾಡಿದಳು. ನೋಡಿ “ಹೂಂ” ಎಂದಿರಿ. (ನಾನು ಅಲ್ಲಿರಲಿಲ್ಲ, ಆದರೂ ಆ ‘ಹೂಂ’ ನನಗೆ ಕೇಳಿಸಿತು.) ಆಮೇಲೆ ಬಕೆಟ್ಟಿನ ಕಡೆಗೇ ತಿರುಗಿ, “ನಿಮ್ಮಪ್ಪನ್ನ ಕರ್ಕೊಂಡು ಬಾ, ಮುಂದಿನ ಶನಿವಾರದೊಳಗೆ” ಎಂದಿರಿ.

ಹೆತ್ತ ಮಗಳಿಗೆ ನಿಮ್ಮಪ್ಪನನ್ನು ಕರೆದುಕೊಂಡು ಬಾ ಎಂದವರು ಲೋಕದಲ್ಲಿ ನೀವೊಬ್ಬರೇ ಇರಬೇಕು. ಅವಳು ಮನೆಗೆ ಬಂದು, ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯಲ್ಲಿ ನಿಂತು, “ಗುರುತೇ ಹಿಡೀಲಿಲ್ಲಮ್ಮ” ಎಂದಳು. ಮುಂದಿನ ಹಲ್ಲು ಬಿದ್ದ ಮಗುವನ್ನು ಬಿಟ್ಟು ಹೋದವರು ನೀವು, ಮುಖ ಬದಲಾಗಿರುತ್ತದೆ, ಒಪ್ಪಿದೆ. ಆದರೂ ನಿಮ್ಮ ಹೆಬ್ಬೆರಳು ವರ್ಕ್‌ಶಾಪಿನ ಮಿಷನ್ನಿಗೆ ಸಿಕ್ಕ ವರ್ಷ ದಿನಾ ಬೆಳಗ್ಗೆ ನಿಮ್ಮ ಅಂಗಿಗೆ ಗುಂಡಿ ಹಾಕುತ್ತಿದ್ದವಳು ಅವಳೇ. ಆ ಕೈಯೂ ನೆನಪಾಗಲಿಲ್ಲವೇ?

ನಿಮ್ಮ ಸ್ವಭಾವವೇ ಅಷ್ಟು. ಕೃತಕ ಕಾಲು ಬಿಗಿಯುವ ಪಟ್ಟಿಗಳನ್ನು ಹೊಲಿಯಲು ಮನೆಗೆ ತರುತ್ತಿದ್ದಿರಿ. ನಾನು ಹೊಲಿದು ಮಡಿಸಿಟ್ಟದ್ದನ್ನು ನೀವು ಕಿಟಕಿಯ ಬಳಿ ಕೂತು, ಒಂದು ಮಾತೂ ಆಡದೆ, ಒಂದೊಂದೇ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಿರಿ. ಏನು ತಪ್ಪು ಎಂದು ಕೇಳಿದರೆ “ಏನಿಲ್ಲ” ಎನ್ನುತ್ತಿದ್ದಿರಿ. ಬೈದಿದ್ದರೆ ತಿರುಗಿ ಬೈದು ಮರೆತುಬಿಡುತ್ತಿದ್ದೆ. ಏನೂ ಅನ್ನದವರ ಜೊತೆ ಜಗಳವಾಡುವುದೂ ಕಷ್ಟ, ಸಂಸಾರ ಮಾಡುವುದೂ ಕಷ್ಟ. ನಾನು ಕರೆಯುವವರೆಗೆ ಈ ಹೊಸ್ತಿಲು ತುಳಿಯಬೇಡಿ ಎಂದದ್ದು ಸಿಟ್ಟಿಗೆ. ಅದನ್ನೂ ಮಾತಾಡದೆ ಪಾಲಿಸಿದಿರಿ.

ಇರಲಿ. ಹಲ್ಲಿನ ಲ್ಯಾಬಿನವರೂ ಅದೇ ಶನಿವಾರ ಹೂಂ ಅಥವಾ ಉಹೂಂ ಅನ್ನಿ ಎಂದಿದ್ದಾರೆ. ಅವಳ ಮನಸ್ಸು ಕಾಲಿನ ವರ್ಕ್‌ಶಾಪಿನ ಮೇಲೇ ಇದೆ. ಬರೀ ಸಹಿ ಬೇಕಿದ್ದರೆ ನಾನೂ ಹಾಕಬಲ್ಲೆ. ಆದರೆ ಅಪ್ಪ ಮನೆಗೆ ಬಾರದೆ ಸೇರುವುದಿಲ್ಲ ಎನ್ನುತ್ತಾಳೆ, ಹಟದಲ್ಲಿ ಯಾರನ್ನು ಹೋಲುತ್ತಾಳೆಂದು ನಾನು ಹೇಳಬೇಕಾಗಿಲ್ಲ. ನಿಮ್ಮನ್ನು ಬನ್ನಿ ಎಂದು ನಾನು ಕರೆಯುತ್ತಿಲ್ಲ. ಏನು ಮಾಡುತ್ತೀರೋ ನಿಮ್ಮ ಬುದ್ಧಿಗೆ ಬಿಟ್ಟದ್ದು.

ಇಂತಿ,
ಚೋಟುವಿನ ಅಮ್ಮ

ಮರೆತ ಮಾತು: ಈ ಕಾಗದ ಬರೆದದ್ದು ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.


ಶುಕ್ರವಾರ, ಸಂಜೆ

ನಿನಗೆ,

ಕಾಗದ ಬುಧವಾರ ಬಂತು. ಅವತ್ತಿನಿಂದ ಬರೆಯುತ್ತಿದ್ದೇನೆ. ಕೈಯಲ್ಲಿ ಪ್ಲಾಸ್ಟರ್ ಇದ್ದರೆ ಗಟ್ಟಿಯಾಗುವುದರೊಳಗೆ ಕೆಲಸ ಮುಗಿಸಲೇಬೇಕು. ಪೆನ್ನಿಗೆ ಅಂಥ ಆತುರವಿಲ್ಲ, ಅದಕ್ಕೇ ನನ್ನಂಥವನಿಗೆ ಅದು ಒಗ್ಗುವುದಿಲ್ಲ.

ಮೊದಲು ಒಂದು ಮಾತು. ಗುರುತು ಹಿಡಿದೆ.

ನಾನು ಯಾರ ಮುಖವನ್ನೂ ಸರಿಯಾಗಿ ನೋಡುವುದಿಲ್ಲ, ನಿಜ. ಕಾಲು ಕಳೆದುಕೊಂಡು ಬಂದವರ ಮುಖ ನೋಡುತ್ತಾ ಕೂತರೆ ಅಳತೆ ತಪ್ಪುತ್ತದೆ. ನಾನು ನೋಡುವುದು ನಡಿಗೆ. ಒಂದು ಸಲ ನೋಡಿದ ನಡಿಗೆ ಮರೆಯುವುದಿಲ್ಲ. ಅವಳು ಚಿಕ್ಕವಳಿದ್ದಾಗ ತುದಿಗಾಲಲ್ಲಿ ನಡೆಯುತ್ತಿದ್ದಳಲ್ಲ, ಹಿಮ್ಮಡಿ ಊರಲಿ ಎಂದು ನಾನೇ ಚರ್ಮ ಕೂಡಿಸಿ ಪುಟ್ಟ ಬೂಟು ಹೊಲಿದುಕೊಟ್ಟಿದ್ದೆ. ಬಲಗಾಲು ಸರಿಹೋಯಿತು. ಎಡಗಾಲು ಈಗಲೂ ಮೊದಲು ಮುಂಗಾಲನ್ನೇ ಊರುತ್ತದೆ. ಅವತ್ತು ಕಾರಿಡಾರಿನಲ್ಲಿ ಹೆಜ್ಜೆಯ ಸದ್ದು ಕೇಳಿತು. ಅವಳು ಬಾಗಿಲಿಗೆ ಬರುವ ಮೊದಲೇ ನನಗೆ ಗೊತ್ತಾಯಿತು. ತಲೆ ಎತ್ತಲಿಲ್ಲ, ಏಕೆಂದರೆ ಎತ್ತಿದ್ದರೆ ಕಣ್ಣು ಒರೆಸಿಕೊಳ್ಳಬೇಕಾಗುತ್ತಿತ್ತು. ಕೈ ತುಂಬ ಪ್ಲಾಸ್ಟರ್ ಇತ್ತು.

ಎಲ್ಲರಿಗೂ ಕೊಡುವ ಪರೀಕ್ಷೆಯನ್ನೇ ಅವಳಿಗೂ ಕೊಟ್ಟೆ. ಮಗಳೆಂದು ತೆಗೆದುಕೊಂಡೆ ಎಂದು ನಾಳೆ ಯಾರೂ ಅನ್ನಬಾರದಲ್ಲ. ನಿಮ್ಮಪ್ಪನನ್ನು ಕರೆದುಕೊಂಡು ಬಾ ಎಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ. ನೀವೇ ಅಲ್ವಾ ಅನ್ನುತ್ತಾಳೆ ಎಂದುಕೊಂಡಿದ್ದೆ. ಆಗ ಮಾಸ್ಕ್ ತೆಗೆ, ಕೂತ್ಕೋ, ಚಹಾ ಕುಡಿ ಎಂದೆಲ್ಲ ಹೇಳಬೇಕೆಂದಿದ್ದೆ. ಅವಳು “ಆಗ್ಲಿ ಸಾರ್” ಎಂದು ಹೊರಟುಹೋದಳು. ಎಡಗಾಲಿನ ಸದ್ದು ಗೇಟಿನವರೆಗೂ ಕೇಳುತ್ತಿತ್ತು. ಕರೆಯಬೇಕಿತ್ತು. ನಾನು ಅಷ್ಟರಲ್ಲಿ ಇನ್ನೊಂದು ಬಕೆಟ್ ಕಲಸಿದೆ, ಅದಕ್ಕೆ ಕೆಲಸವೇ ಇರಲಿಲ್ಲ, ಆಮೇಲೆ ಚೆಲ್ಲಿದೆ.

ಪಟ್ಟಿಯ ವಿಷಯ ಬರೆದಿದ್ದೀಯ. ನಿನ್ನ ಹೊಲಿಗೆ ನನ್ನದಕ್ಕಿಂತ ಚೆನ್ನಾಗಿತ್ತು, ಗಟ್ಟಿಯೂ ಇತ್ತು. ಆದರೆ ಗಂಟು ಒಳಗಡೆಗೆ ಬರುತ್ತಿತ್ತು. ಕತ್ತರಿಸಿದ ಕಾಲಿನ ತುದಿಯಲ್ಲಿ ಚರ್ಮ ತೆಳು, ಕೆಲವರಿಗೆ ಉರಿದದ್ದೂ ಗೊತ್ತಾಗುವುದಿಲ್ಲ, ಗಾಯ ಹಣ್ಣಾದ ಮೇಲೇ ಗೊತ್ತಾಗುವುದು. ಗಂಟು ಹೊರಗೆ ಬರಲಿ ಎಂದು ಬಿಚ್ಚುತ್ತಿದ್ದೆ. ಇಷ್ಟೇ. ಇದನ್ನು ಅವತ್ತೇ ಹೇಳಿದ್ದರೆ ನೀನು ಮಾರನೇ ದಿನದಿಂದ ಹೊರಗೆ ಹಾಕುತ್ತಿದ್ದೆ. ಅಷ್ಟು ಮುತುವರ್ಜಿಯಿಂದ ಹೊಲಿದವಳಿಗೆ ತಪ್ಪಿದೆ ಎನ್ನಲು ಬಾಯಿ ಬರಲಿಲ್ಲ. ನಿನಗೆ ನೋವಾಗಬಾರದೆಂದು ಸುಮ್ಮನಿದ್ದೆ, ಅದಕ್ಕೇ ಹೆಚ್ಚು ನೋವಾಯಿತು ಎಂದು ಈಗ ತಿಳಿಯಿತು.

ಅವಳು ಮಾಡಿದ ಹೆಬ್ಬೆರಳು ನನ್ನ ಕಿಟಕಿಯಲ್ಲಿದೆ. ಒಳ್ಳೆಯ ಕೈ. ಬರುವವರೆಲ್ಲ ತಮ್ಮ ಎಡಗೈಯನ್ನೇ ನೋಡುತ್ತಾ ಮಾಡುತ್ತಾರೆ, ಬೆರಳು ಸೌತೆಕಾಯಿಯಂತೆ ಬರುತ್ತದೆ. ಇವಳು ಗೆಣ್ಣಿನ ಸುಕ್ಕು ಸಹ ಬಿಟ್ಟಿಲ್ಲ. ಅವಳ ಬೆರಳಿಗಿಂತ ಸ್ವಲ್ಪ ದಪ್ಪವೆನಿಸಿತು, ಉಗುರೂ ಒಂದು ಕಡೆಗೆ ವಾಲಿತ್ತು. ಹೊಸಬರು ಎಡವುವುದು ಉಗುರಿನಲ್ಲೇ. ಒಣಗಿದ ಮೇಲೆ ಅರ ಹಾಕಿ ಉಜ್ಜಿ ಉಗುರು ನೇರ ಮಾಡಿದ್ದೇನೆ. ಈಗ ಅಚ್ಚುಕಟ್ಟಾಗಿದೆ. ಬಂದಾಗ ತೋರಿಸುತ್ತೇನೆ, ಈ ಸಲ ಯಾಕೆ ತಿದ್ದಿದೆ ಎಂಬುದನ್ನೂ ಬಾಯಿಬಿಟ್ಟು ಹೇಳುತ್ತೇನೆ.

ಜಾಗ ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಾನು ಮನೆಗೆ ಬರಬೇಕೆಂದಿದ್ದರೆ ಬರುತ್ತೇನೆ. ಕರೆಯುವವರೆಗೆ ಬರಬೇಡಿ ಎಂದು ನೀನೇ ಹೇಳಿದ್ದೆ, ಈ ಕಾಗದದಲ್ಲೂ ಬನ್ನಿ ಎಂದಿಲ್ಲ. ಬರಬಹುದಾದರೆ ಒಂದು ಸಾಲು ಬರೆ.

ಇಂತಿ,
ಅವಳ ಅಪ್ಪ

(ಲಕೋಟೆಯ ಹಿಂಬದಿ, ಪೆನ್ಸಿಲಿನಲ್ಲಿ)
ಇದನ್ನು ನಿಮ್ಮ ಬೀದಿಯ ಮೂಲೆಯ ಅಂಚೆ ಡಬ್ಬಿಗೇ ಹಾಕುತ್ತಿದ್ದೇನೆ, ಬೇಗ ಸಿಗಲಿ ಎಂದು. ಇಲ್ಲಿಗೆ ನಿನ್ನ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿದೆ.


ಸೋಮವಾರ, ಸಂಜೆ

ಇವರೇ,

ನಿಮ್ಮ ಕಾಗದ ಇವತ್ತು ಬಂತು. ಬೀದಿ ಮೂಲೆಯ ಡಬ್ಬಿಯಿಂದ ನಮ್ಮ ಮನೆಗೆ ಬರಲು ಅದಕ್ಕೆ ಶನಿವಾರ, ಭಾನುವಾರ ಎರಡೂ ಬೇಕಾದವು. ಡಬ್ಬಿಯ ಕಾಗದ ಮೊದಲು ದೊಡ್ಡ ಅಂಚೆ ಕಚೇರಿಗೆ ಹೋಗಿ, ಮುದ್ರೆ ಒತ್ತಿಸಿಕೊಂಡು ತಿರುಗಿ ಬರಬೇಕು ಎಂಬುದು ಮಕ್ಕಳಿಗೂ ಗೊತ್ತು. ನಿಮ್ಮ ಕಾಲಿಗೆ ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತು? ಅವರಿವರಿಗೆಲ್ಲ ಕಾಲು ಕೊಟ್ಟು ನಡೆಸುತ್ತೀರಿ, ನಿಮ್ಮ ಕಾಲು ನಮ್ಮ ಬೀದಿಯ ಮೂಲೆಯಲ್ಲಿ ನಿಂತುಬಿಟ್ಟಿತಲ್ಲ.

ಬೈಯಲು ಕೂತವಳಲ್ಲ ನಾನು. ಬೈಯುವ ಯೋಗ್ಯತೆ ನನಗೂ ಉಳಿದಿಲ್ಲ.

ಚೋಟು ಶನಿವಾರ ಸಂಜೆಯ ಬಸ್ಸಿಗೆ ಹೊರಟಳು. ಹಲ್ಲಿನ ಲ್ಯಾಬಿಗೆ ಹೂಂ ಎಂದು ಹೇಳಿಯಾಯಿತು, ಸಹಿ ನಾನೇ ಹಾಕಿದೆ. ಬೆಳಗ್ಗೆ ಬೇಗ ಎದ್ದು ಕೂರುವ ಕೋಣೆಯನ್ನು ಅವಳೇ ಗುಡಿಸಿ ಒರೆಸಿದಳು. ನನ್ನ ಬಟ್ಟೆಯ ಗಂಟುಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ ಕುರ್ಚಿಯೊಂದನ್ನು ಖಾಲಿ ಮಾಡಿದಳು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಬಳಿ ಕೂತಳು. ಹೊರಗೆ ಯಾರ ಹೆಜ್ಜೆ ಕೇಳಿದರೂ ಎದ್ದು ನಿಲ್ಲುತ್ತಿದ್ದಳು. ಹಾಲಿನವನಿಗೆ, ಗ್ಯಾಸಿನವನಿಗೆ, ಪಕ್ಕದ ಮನೆಯ ನೆಂಟರಿಗೆ ಸಹ ಎದ್ದು ನಿಂತಳು. ಮಧ್ಯಾಹ್ನದ ಊಟಕ್ಕೆ ಮೂರು ತಟ್ಟೆ ಇಟ್ಟಿದ್ದಳು. ನಾನು ನೋಡಿಯೂ ನೋಡದವಳಂತೆ ಇದ್ದೆ. ಬಿಸಿಲು ಇಳಿದ ಮೇಲೆ ಮೂರನೇ ತಟ್ಟೆಯನ್ನು ತೊಳೆದು, ಒರೆಸಿ ಎತ್ತಿಟ್ಟಳು. ಬ್ಯಾಗಿಗೆ ಬಟ್ಟೆ ತುಂಬಲು ಶುರು ಮಾಡಿದ್ದು ಆಮೇಲೆ.

ಈಗ ನಾನು ಹೇಳಲೇಬೇಕಾದ ಮಾತು. ಗುರುತೇ ಹಿಡೀಲಿಲ್ಲ ಎಂದು ಅವಳು ಅಂದಿರಲಿಲ್ಲ. ಅಡುಗೆಮನೆಯಲ್ಲಿ ನಿಂತದ್ದು ನಿಜ, ಚಪ್ಪಲಿ ಬಿಡದೇ ಇದ್ದದ್ದೂ ನಿಜ. ಆದರೆ ಮುಖವೆಲ್ಲ ನಗು. “ಗುರುತು ಹಿಡಿದ್ರಮ್ಮ. ಅದಕ್ಕೇ ತಲೆ ಎತ್ತಲಿಲ್ಲ. ಮನೆಗೆ ಬರೋಕೆ ಒಂದು ದಾರಿ ಬೇಕಿತ್ತು ಅವ್ರಿಗೆ, ಅಪ್ಪನ್ನ ಕರ್ಕೊಂಡು ಬಾ ಅಂದ್ರು. ಬರ್ತಾರೆ ನೋಡು. ನೀನು ಫೋನ್ ಮಾಡ್ಬೇಡ, ಬರೀಬೇಡ. ತಾವಾಗೇ ಬರ್ಲಿ” ಎಂದಳು. ನಾನೇ ನಂಬಲಿಲ್ಲ. ನೀವು ಹಾಗೆಲ್ಲ ಬರುವ ಜನ ಅಲ್ಲ ಎಂದುಕೊಂಡೆ. ಚುಚ್ಚಿ ಬರೆದರೆ ರೋಷಕ್ಕಾದರೂ ಎದ್ದು ಬರುತ್ತಾರೆ ಎಂದು ಆ ಸುಳ್ಳು ಸೇರಿಸಿದೆ. ನೀವು ಅದಕ್ಕೆ ಉತ್ತರ ಬರೆಯುತ್ತ ಬುಧವಾರದಿಂದ ಶುಕ್ರವಾರದವರೆಗೆ ಕೂತಿರಿ. ನಾನು ಕಾಗದ ಬರೆಯದೇ ಇದ್ದಿದ್ದರೆ ಬರುತ್ತಿದ್ದಿರೇನೋ. ಬನ್ನಿ ಎಂದು ಒಂದು ಮಾತು ಬರೆದಿದ್ದರಂತೂ ಬಂದೇ ಬರುತ್ತಿದ್ದಿರಿ. ಎರಡರಲ್ಲಿ ಒಂದನ್ನೂ ಮಾಡಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳಿಗೆ ಇದೊಂದೂ ಗೊತ್ತಿಲ್ಲ. ತಾನು ಅಂದುಕೊಂಡದ್ದೇ ತಪ್ಪು, ಅಪ್ಪ ಗುರುತು ಹಿಡಿದೇ ಇರಲಿಲ್ಲ ಎಂದುಕೊಂಡು ಬಸ್ಸು ಹತ್ತಿದ್ದಾಳೆ. ನಾನು ಸುಳ್ಳಾಗಿ ಬರೆದದ್ದನ್ನು ಅವಳು ನಿಜವಾಗಿ ನಂಬಿಕೊಂಡು ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಹೇಳಿಬಿಡೋಣ ಎಂದು ಬಾಯಿ ತೆರೆದೆ, ಅಷ್ಟರಲ್ಲಿ ಬಸ್ಸು ಹೊರಟಿತು ಎಂದು ಬರೆಯಬಹುದು. ಬಸ್ಸು ತುಂಬ ಹೊತ್ತು ನಿಂತಿತ್ತು. ನನಗೇ ಧೈರ್ಯವಾಗಲಿಲ್ಲ.

ಪಟ್ಟಿಯ ಹೊಲಿಗೆಯ ಗಂಟಿನ ವಿಷಯ ಓದಿದೆ. ಈಗ ಹೊರಗೆ ಹಾಕುವುದು ಕಲಿತು ಯಾರಿಗೆ ಹೊಲಿಯಲಿ?

ಅವಳ ಹಾಸ್ಟೆಲಿನ ವಿಳಾಸ ನನ್ನ ಹತ್ತಿರ ಇದೆ. ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ನೀವು ಅವಳಿಗೂ ಒಂದು ಕಾಗದ ಹಾಕಿ ಉತ್ತರ ಕಾಯುತ್ತಾ ಕೂರುತ್ತೀರಿ. ಬಂದು ಕೇಳಿ. ಆಗ ಬರೆಯದ ಮಾತನ್ನು ಈಗ ಬರೆಯುತ್ತಿದ್ದೇನೆ: ಬನ್ನಿ.

ಇಂತಿ,
ನಿಮ್ಮ ಮಗಳ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಹೆಬ್ಬೆರಳು ಅವಳದಲ್ಲ. ನೀವು ಪ್ಲಾಸ್ಟರ್ ಕಲಸುತ್ತಿದ್ದಾಗ ನಿಮ್ಮ ಕೈಯನ್ನೇ ನೋಡುತ್ತಾ ಮಾಡಿದಳಂತೆ, “ನೋಡಿದ ತಕ್ಷಣ ಗೊತ್ತಾಗುತ್ತಮ್ಮ ಅವ್ರಿಗೆ” ಎಂದು ಅವತ್ತು ಕುಣಿದಾಡಿದ್ದಳು. ನೀವು ಅರ ಹಾಕಿ ನೇರ ಮಾಡಿದ ಆ ಉಗುರು, ಮಿಷನ್ನಿಗೆ ಸಿಕ್ಕ ಮೇಲೆ ಹೇಗೆ ಬೆಳೆಯಿತೆಂದು ಒಂದು ಸಲ ನಿಮ್ಮ ಬಲಗೈ ನೋಡಿಕೊಳ್ಳಿ.